ಬೇಟೆಗೆ ಇಟ್ಟ ದುರ್ಬೀನು

ತೊಗಲಿನ ಪೆಟ್ಟಿಗೆಯ ಮುಚ್ಚಳ ತೆಗೆದದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ಹಳೆಯ ತೊಗಲು, ನುಸಿಗುಳಿಗೆ, ಅದರ ಅಡಿಯಲ್ಲೆಲ್ಲೋ ಸಣ್ಣಗೆ ಲವಂಗದೆಣ್ಣೆ. ದುರ್ಬೀನಿನ ಗಾಜಿಗೆ ಬೂಷ್ಟು ಹಿಡಿಯಬಾರದೆಂದು ಅದರ ಯಜಮಾನರು ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿಯುಂಡೆಯೊಂದನ್ನು ಪೆಟ್ಟಿಗೆಯ ಮೂಲೆಗೆ ತುರುಕುತ್ತಿದ್ದರು. ಇಷ್ಟು ವರ್ಷಕ್ಕೆ ಹತ್ತಿ ಒಣಗಿ ಪುಡಿಯಾಗಿತ್ತು, ವಾಸನೆ ಮಾತ್ರ ಬಿಟ್ಟಿರಲಿಲ್ಲ. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಹಾಗೇ ಕುಸಿದು ಕೂತೆ. ಯಾತ್ರಿಕರ ಊಟಕ್ಕೆಂದು ಒಲೆಯ ಮೇಲಿಟ್ಟಿದ್ದ ಸಾರು ಉಕ್ಕಿ ಹರಿಯುತ್ತಿತ್ತು. ಎದ್ದು ಉರಿ ಸಣ್ಣ ಮಾಡಬೇಕು ಅನ್ನುವುದೂ ತೋಚಲಿಲ್ಲ.

ಪೆಟ್ಟಿಗೆ ತಂದವರು ಮುಂದಿನ ಕೋಣೆಯಲ್ಲಿ ಕೂತಿದ್ದರು. ನಲವತ್ತು ದಾಟಿದ ಗಂಡಸು, ತಲೆ ಬೋಳಿಸಿ ಇನ್ನೂ ತಿಂಗಳಾದಂತಿರಲಿಲ್ಲ. ಮನೆಯಲ್ಲಿ ಯಾರೋ ಹಿರಿಯರು ಹೋಗಿರಬೇಕು ಅಂದುಕೊಂಡೆ. ನಮ್ಮ ಬಾಗಿಲಿಗೆ ಅಂಥವರೇ ತಾನೇ ಬರುವುದು? ಆದರೆ ಅವರು ಶ್ರಾದ್ಧದ ಮಾತೇ ಎತ್ತದೆ, "ಯೇ ಆಪ್ ಕೇ ಯಹಾಂ ಕಾ ಹೈ, ಲೌಟಾನೇ ಆಯಾ ಹೂಂ" ಎಂದು ಪೆಟ್ಟಿಗೆ ನನ್ನ ಕೈಗಿಟ್ಟರು. ನಿಮ್ಮ ಮನೆಯದು, ಹಿಂದಿರುಗಿಸಲು ಬಂದೆ ಅಂತ. ಆಮೇಲೆ ಅವರು ಹೇಳಿದ್ದು ಕೇಳಿದಾಗಿನಿಂದ ನನಗೆ ಇವತ್ತಿಗೂ ಸರಿಯಾಗಿ ನಿದ್ದೆಯಿಲ್ಲ. ಆದರೆ ಮೊದಲು ಈ ದುರ್ಬೀನಿನ ಯಜಮಾನರ ವಿಷಯ ಹೇಳಬೇಕು. ಇಲ್ಲದಿದ್ದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ.

ನಮ್ಮ ಮನೆ ಕಾಶಿಯ ಹನುಮಾನ್ ಘಾಟಿನ ಮೇಲಿನ ಗಲ್ಲಿಯಲ್ಲಿ. ಕರ್ನಾಟಕದಿಂದ ಬರುವವರಿಗೆ ಅಸ್ಥಿ ವಿಸರ್ಜನೆ, ಪಿಂಡಪ್ರದಾನ ಮಾಡಿಸುವ ಮನೆತನ. ತಾತ ಮಾಡಿಸುತ್ತಿದ್ದರು, ಅಪ್ಪ ಮಾಡಿಸಿದರು, ಈಗ ನನ್ನ ಗಂಡ. ಮನೆಯ ಮೇಲಿನ ಕೋಣೆಯಲ್ಲಿ ನಾನು ಹುಟ್ಟುವ ಮುಂಚಿನಿಂದಲೂ ಬಾಡಿಗೆಗಿದ್ದವರು ಒಬ್ಬರು. ನಮಗೆ ಮಕ್ಕಳಿಗೆಲ್ಲ ಅವರು ಮಾಮ. ಮೈಸೂರಿನಾಚೆ ಕಾಡಂಚಿನ ಯಾವುದೋ ಊರಿನವರು ಅನ್ನುವುದು ಅವರ ಮಾತಿನಿಂದಲೇ ಗೊತ್ತಾಗುತ್ತಿತ್ತು. ಹೇಳು ಅನ್ನುವುದಕ್ಕೆ ಯೋಳು ಅನ್ನುವರು. ಆ ಊರಿನಿಂದ ಒಂದು ದಿನ ಒಬ್ಬರಾದರೂ ಹುಡುಕಿಕೊಂಡು ಬಂದದ್ದು ನಾನು ಕಂಡಿಲ್ಲ.

ಎತ್ತರದ ಆಳು, ದೊಡ್ಡ ಕೈ. ಆ ಕೈಯಲ್ಲಿ ಸಾಸಿವೆ ಕಾಳಿನಂಥ ಸ್ಕ್ರೂ ಹಿಡಿದು ಕೂತರೆ ನನಗೆ ನಗು ಬರುತ್ತಿತ್ತು. ಮಾಂಸ ಮುಟ್ಟುತ್ತಿರಲಿಲ್ಲ. ಮೀನು ಮಾರುವವಳು ಎದುರಾದರೆ ಗಲ್ಲಿ ಬದಲಿಸುವರು. ಮಂಚದಲ್ಲಿ ತಿಗಣೆಯಾದರೆ ಹೊಸಕದೆ ಕಾಗದದಲ್ಲಿ ಸುತ್ತಿ ಹೊರಗೆ ಬಿಟ್ಟುಬರುವರು. "ಪುರೋಹಿತರು ನಾವೋ ನೀವೋ? ನಮ್ಮನ್ನೂ ಮೀರಿಸಿದಿರಲ್ಲಾ!" ಎಂದು ಅಮ್ಮ ಕೀಟಲೆ ಮಾಡುತ್ತಿದ್ದಳು. ಮಾಮ ತಲೆ ತಗ್ಗಿಸಿ ಮೆಟ್ಟಿಲು ಹತ್ತಿ ಹೋಗುತ್ತಿದ್ದರು.

ಅಲ್ಲೇ ಹತ್ತಿರದ ಅಸ್ಸಿ ಘಾಟಿನಲ್ಲಿ ಅವರದೊಂದು ಅಂಗಡಿ. ಅಂಗಡಿ ಅನ್ನುವುದು ದೊಡ್ಡ ಮಾತು. ಇಬ್ಬರು ನಿಂತರೆ ಮೂರನೆಯವರು ಗಲ್ಲಿಯಲ್ಲೇ ನಿಲ್ಲಬೇಕು. ಕನ್ನಡಕದ ಕಾಲು ಕಟ್ಟುವುದು, ಕ್ಯಾಮೆರಾ ಬಿಚ್ಚಿ ಧೂಳು ಹೊಡೆಯುವುದು, ಇವೆಲ್ಲ ಹೊಟ್ಟೆಪಾಡಿಗೆ. ಅವರ ಜೀವವಿದ್ದದ್ದು ದುರ್ಬೀನಿನಲ್ಲಿ. ಊರು ಬಿಡುವ ವಿದೇಶೀಯರು ಮಾರಿಹೋದದ್ದು, ಮಿಲಿಟರಿಯವರ ಹಳೆಯದು, ಯಾವುದೋ ಬಂಗಲೆಯ ಗುಜರಿಯಿಂದ ಬಂದದ್ದು, ಎಲ್ಲವನ್ನೂ ಸರಿಮಾಡಿ ಹಲಗೆಯ ಮೇಲೆ ಜೋಡಿಸಿಡುವರು. ಚಳಿಗಾಲದಲ್ಲಿ ಹಕ್ಕಿ ನೋಡುವವರು ಬರುವರು. ಚುನಾರ್, ಮಿರ್ಜಾಪುರದ ಕಡೆಯಿಂದ ಜಮೀನುದಾರರೂ ಬರುವರು. ಅಲ್ಲಿ ಘೋಡ್‌ರೋಜ್ ಕಾಟ. ಘೋಡ್‌ರೋಜ್ ಅಂದರೆ ನೀಲಗಾಯಿ, ಕುದುರೆಯಷ್ಟು ಎತ್ತರದ ಬೂದುಬಣ್ಣದ ಪ್ರಾಣಿ. ಹಿಂಡು ನುಗ್ಗಿದರೆ ತೊಗರಿ ಹೊಲ ಬೆಳಗಾಗುವುದರಲ್ಲಿ ಬಯಲು. ಅದನ್ನು ಹೊಡೆಯಲು ಪರವಾನಗಿ ಸಿಕ್ಕವರು ದುರ್ಬೀನು ಕೇಳಿಕೊಂಡು ಬರುತ್ತಿದ್ದರು.

ಇಡೀ ಅಸ್ಸಿ ಮಾಮನನ್ನು ನೋಡಿ ನಗುತ್ತಿದ್ದದ್ದು ಅವರ ವ್ಯಾಪಾರದ ರೀತಿಗೆ. ಹಗಲು ಹೊತ್ತಿನಲ್ಲಿ ಬಂದವರಿಗೆ ದುರ್ಬೀನು ಮಾರಲೊಲ್ಲರು! "ಶಾಮ್ ಕೋ ಆವೋ. ದಿನ್ ಮೇ ಸಬ್ ದುರ್ಬೀನ್ ಅಚ್ಛಾ" ಎಂದು ತಮ್ಮ ಮುರುಕು ಹಿಂದಿಯಲ್ಲಿ ಹೇಳಿ ಕಳಿಸುವರು. ಹಗಲಲ್ಲಿ ಎಲ್ಲಾ ದುರ್ಬೀನೂ ಒಳ್ಳೆಯದೇ ಅಂತೆ. ಸಂಜೆ ಮತ್ತೆ ಬಂದವರನ್ನು ಘಾಟಿನ ಮೆಟ್ಟಿಲಿಗೆ ಕರೆದೊಯ್ಯುವರು. ಸೂರ್ಯ ನಮ್ಮ ಬೆನ್ನಿಗೆ ಊರಿನ ಹಿಂದೆ ಇಳಿದಿರುತ್ತಾನೆ, ಎದುರಿನ ಮರಳುದಿಣ್ಣೆ ಬೂದಿಯ ಬಣ್ಣಕ್ಕೆ ತಿರುಗುತ್ತಿರುತ್ತದೆ. ಆಗ ಗಿರಾಕಿಯ ಕೈಗೆ ದುರ್ಬೀನು ಕೊಟ್ಟು, ಆಚೆ ದಡದಲ್ಲಿ ಮಸುಕಾಗಿ ಕಾಣುವ ಯಾವುದಾದರೂ ಒಂದನ್ನು ತೋರಿಸಿ ಕೇಳುವರು: "ಆದ್ಮಿ ಹೈ ಕಿ ಜಾನ್ವರ್?" ಮನುಷ್ಯನೋ, ಪ್ರಾಣಿಯೋ? ಗಿರಾಕಿ ತಡವರಿಸಿದರೆ ಆ ದುರ್ಬೀನು ವಾಪಸು, ಬೇರೆಯದು ಕೈಗೆ.

ಚಹಾದಂಗಡಿಯ ಹುಡುಗರಿಗೆ ಇದೊಂದು ಆಟವೇ ಆಗಿಹೋಗಿತ್ತು. ದೂರದಲ್ಲಿ ಪೊಲೀಸಿನವನು ಬರುತ್ತಿದ್ದರೆ ಒಬ್ಬ, "ಆದ್ಮಿ ಹೈ ಕಿ ಜಾನ್ವರ್?" ಎಂದು ಕೂಗುವನು, ಬೆಂಚಿನಲ್ಲಿ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುವರು. ನಾನೂ ನಕ್ಕವಳೇ. ಈಗ ನೆನೆದರೆ...

ಹಕ್ಕಿ ನೋಡುವವರನ್ನು ಅವರು ಅಷ್ಟು ಸತಾಯಿಸುತ್ತಿರಲಿಲ್ಲ. "ಅವ್ರು ತಪ್ ನೋಡುದ್ರೆ ಹಕ್ಕಿಗೇನವ್ವ ನಷ್ಟ? ಬಂದೂಕ್ನೋನು ತಪ್ ನೋಡಬಾರ್ದು" ಅನ್ನುವರು. ಬಂದೂಕಿನವರು ಬಂದರೆ ಮಾತ್ರ ಪಾಠ ಶುರು. ಎಲ್ಲರೂ ಕೇಳುವುದು ಒಂದೇ: ಎಷ್ಟು ಹತ್ತಿರ ತೋರಿಸುತ್ತದೆ? ಇಪ್ಪತ್ತು ಪಟ್ಟೋ, ಮೂವತ್ತೋ? ಮಾಮ ತಲೆಯಾಡಿಸುವರು. ಹತ್ತಿರ ತೋರಿಸಿದಷ್ಟೂ ಕೈಯ ನಡುಕವನ್ನೂ ದೊಡ್ಡದು ಮಾಡುತ್ತದೆ, ಬೆಳಕನ್ನು ಕುಡಿದುಬಿಡುತ್ತದೆ. ದೊಡ್ಡ ಪ್ರಾಣಿ ಹೊರಬೀಳುವುದೇ ಮುಂಜಾವಿನಲ್ಲಿ, ಮುಸ್ಸಂಜೆಯಲ್ಲಿ. ಆಗ ಬೇಕಾದ್ದು ಬೆಳಕು. ದುರ್ಬೀನನ್ನು ಕೈಚಾಚಿ ಆಕಾಶಕ್ಕೆ ಹಿಡಿದು, ಕಣ್ಣಿಡುವ ಗಾಜಿನಲ್ಲಿ ಕಾಣುವ ಬೆಳಕಿನ ಬೊಟ್ಟು ತೋರಿಸುವರು. ಬಟಾಣಿ ಕಾಳಿನಷ್ಟಿದ್ದರೆ ಸಂಜೆಗೆ ಆಗುತ್ತದೆ, ಸಾಸಿವೆಯಷ್ಟಿದ್ದರೆ ಮದುವೆಮನೆಯಲ್ಲಿ ಕೊರಳಿಗೆ ಹಾಕಿಕೊಂಡು ತಿರುಗಲು ಲಾಯಕ್ಕು. ಮುಂದಿನ ಗಾಜು ಕೆಂಪಗೆ ಮಿರಮಿರ ಮಿಂಚಿದರೆ ನಂಬಬೇಡಿ, ಅದು ಬೆಳಕನ್ನು ಒಳಗೆ ಬಿಡದೆ ಹಿಂದಕ್ಕೆ ಎಸೆಯುತ್ತದೆ. ತೀರಾ ಹಗುರದ್ದು ಬೇಡ, ಎದೆಗೆ ಆನಿಸಿ ಹಿಡಿದರೆ ನಿಲ್ಲುವಷ್ಟು ಭಾರವಿರಲಿ. ಬಂದೂಕಿನ ಮೇಲೆ ಕೂರಿಸಿದ ದುರ್ಬೀನಿನಲ್ಲಿ ಮಾತ್ರ ಯಾವತ್ತೂ ಹುಡುಕಬೇಡಿ, ಅದರ ಜೊತೆಗೆ ನಳಿಗೆಯೂ ತಿರುಗಿರುತ್ತದೆ. ಇಷ್ಟನ್ನೂ ನಾನು ಹಿಂದಿಯಲ್ಲಿ ಒಪ್ಪಿಸಬೇಕಿತ್ತು. ಎಷ್ಟೋ ವರ್ಷ ಕಾಶಿಯಲ್ಲಿದ್ದರೂ ಅವರ ಹಿಂದಿ ಚೌಕಾಶಿಯ ಮಾತಿನಿಂದ ಮುಂದೆ ಹೋಗಲೇ ಇಲ್ಲ. ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಮಧ್ಯಾಹ್ನದ ಮೇಲೆ ನಾನೇ ಅಂಗಡಿಯಲ್ಲಿ ಕೂತು ಅವರ ನಾಲಗೆಯಾಗಿದ್ದೆ.

ಹಲಗೆಯ ಮೇಲಿದ್ದದ್ದೆಲ್ಲ ಮಾರಾಟಕ್ಕೆ. ಗೋಡೆಯ ಗೂಟದಲ್ಲಿ ತೂಗುಹಾಕಿದ್ದ ಒಂದು ಮಾತ್ರ ಮಾರಾಟಕ್ಕಿರಲಿಲ್ಲ. ಕಪ್ಪು ಬಣ್ಣ ಅಲ್ಲಲ್ಲಿ ಕಿತ್ತು ಹಿತ್ತಾಳೆ ಕಾಣುತ್ತಿದ್ದ ಭಾರದ ದುರ್ಬೀನು. ಏಳು ಪಟ್ಟು ಮಾತ್ರ ಹತ್ತಿರ ತೋರಿಸುವಂಥದ್ದು, ಆದರೆ ಮುಂದಿನ ಗಾಜು ತಟ್ಟೆಯಂತೆ ಅಗಲ. ಈಗ ಈ ಪೆಟ್ಟಿಗೆಯಲ್ಲಿರುವುದು ಅದೇ.

ನಾನು ಚಿಕ್ಕವಳಿದ್ದಾಗ, ಎರಡನೆಯ ತರಗತಿಯೋ ಮೂರನೆಯದೋ, ಒಂದು ಸಲ ತಾತನನ್ನು ಕೇಳಿದ್ದೆ: ಅದೊಂದನ್ನು ಮಾಮ ಯಾಕೆ ಮಾರುವುದಿಲ್ಲ?

"ಅದು ಬೇಟೆಗೆ ಇಟ್ಟಿರೋದು ಕಣೇ, ಆ ಕಡೆ ಕೈ ಹಾಕಬೇಡ" ಅಂದರು ತಾತ.

ಬೇಟೆ ಅನ್ನುವ ಕನ್ನಡದ ಮಾತು ಪಿಂಡ ಇಡಿಸುವ ನಮ್ಮ ಮನೆಯಲ್ಲಿ ಯಾಕೆ ಬರಬೇಕು ಹೇಳಿ? ನನ್ನ ಕಿವಿಗೆ ಗೊತ್ತಿದ್ದದ್ದು ಗಲ್ಲಿಯ ಹಿಂದಿಯ ಬೇಟಾ, ಬೇಟೇ. ಅಂದರೆ ಮಗ. ನಮ್ಮಂಥ ಕಾಶಿಯ ಕನ್ನಡದ ಮಕ್ಕಳು ಮಾತಾಡುವುದೇ ಹಾಗೆ. ದುಕಾನಿಗೆ ಹೋಗುತ್ತೇವೆ, ಸಬ್ಜಿಗೆ ಉಪ್ಪು ಹಾಕುತ್ತೇವೆ. ಹಿಂದಿಯ ಪದಕ್ಕೆ ಕನ್ನಡದ ಬಾಲ. ಹಾಗಾಗಿ ಬೇಟೆಗೆ ಇಟ್ಟದ್ದು ಅಂದರೆ ಮಗನಿಗೆಂದು ಇಟ್ಟದ್ದು ಎಂದೇ ನನಗೆ ಕೇಳಿಸಿತು. ನೇರ ಅಂಗಡಿಗೆ ಓಡಿದೆ.

"ಮಾಮಾ, ನಿಮ್ಮ ಬೇಟಾ ಯಾವಾಗ ಬರ್ತಾನೆ? ಆ ದುರ್ಬೀನು ಅವನಿಗೇ ಅಲ್ವಾ?"

ಅವರ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು. ಮುಖ ಸುಣ್ಣದ ಹಾಗಾಯಿತು. "ಯಾರ್ ಯೋಳಿದ್ದು ನಿಂಗೆ?" ಎಂದರು. ಉತ್ತರಕ್ಕೂ ಕಾಯದೆ ಅಂಗಡಿಗೆ ಬಾಗಿಲು ಹಾಕಿ, ಮನೆಗೆ ಬಂದು ಮೇಲಿನ ಕೋಣೆ ಸೇರಿದವರು ಊಟಕ್ಕೂ ಇಳಿಯಲಿಲ್ಲ. ನಾನು ಅಳುತ್ತಾ ಮನೆಯವರಿಗೆ ಹೇಳಿದೆ. ಅಮ್ಮ ಬಿದ್ದು ಬಿದ್ದು ನಕ್ಕಳು. ತಾತನೂ ನಗಲು ಹೊರಟವರು ನಡುವೆ ನಿಲ್ಲಿಸಿಬಿಟ್ಟರು. "ಬೇಟೆ ಅಂದ್ರೆ ಶಿಕಾರು ಕಣೇ ಮಂಕೇ. ಇನ್ನೊಂದು ಸಲ ಅವರ ಹತ್ರ ಈ ಮಾತು ಎತ್ತಿದ್ರೆ ನೋಡು" ಎಂದು ಗದರಿ, ತಾವೇ ಅನ್ನದ ತಟ್ಟೆ ಹಿಡಿದು ಮೇಲೆ ಹೋದರು. ಆಮೇಲೆ ಎಷ್ಟೋ ವರ್ಷ ನನ್ನ ಬೇಟೆ-ಬೇಟಾ ನಮ್ಮ ಮನೆಯ ಹಾಸ್ಯವಾಗಿತ್ತು. ಮಾಮ ಇಲ್ಲದಾಗ ಮಾತ್ರ.

ಚುನಾರಿನ ಕಡೆಯ ಜಮೀನುದಾರ ಠಾಕೂರರೊಬ್ಬರು ಬಂದದ್ದು ತಾತ ತೀರಿಕೊಂಡ ಮೇಲೆ, ಒಂದು ಚಳಿಗಾಲದ ನಡುಮಧ್ಯಾಹ್ನ. ಅಸ್ಸಿಯ ನಾಲ್ಕು ದಾರಿ ಕೂಡುವ ಚೌರಾಹದಲ್ಲಿ ಜೀಪು ನಿಲ್ಲಿಸಿ, ಶಾಲು ಹಾರಿಸಿಕೊಂಡು ಬಂದರು. ದಪ್ಪ ಮೀಸೆ, ದೊಡ್ಡ ಗಂಟಲು. ಎಲ್ಲಕ್ಕಿಂತ ಪವರಿನದು ಕೊಡಿ ಅಂದರು. ಹಲಗೆಯ ತುದಿಯಲ್ಲಿ ಕೆಂಪು ಗಾಜಿನ ಹೊಸ ದುರ್ಬೀನೊಂದು ಇತ್ತು. ಯಾರೋ ರಿಪೇರಿಗೆ ಕೊಟ್ಟು ತಿರುಗಿ ನೋಡದೆ ಹೋದದ್ದು. ಠಾಕೂರರು ಅದನ್ನೇ ಎತ್ತಿಕೊಂಡು ಗಲ್ಲಿಯ ತುದಿಗೆ ಹೋಗಿ ಹೊಳೆಯಾಚೆ ನೋಡಿದರು. "ಅರೇ ವಾಹ್! ಉಸ್ ಪಾರ್ ಘೋಡೇ ಕೀ ಪೂಂಛ್ ತಕ್ ದಿಖ್ ರಹೀ ಹೈ!" ಆಚೆ ದಡದ ಕುದುರೆಯ ಬಾಲವೂ ಕಾಣುತ್ತಿದೆ ಎಂದು ಮಕ್ಕಳ ಹಾಗೆ ಖುಷಿಪಟ್ಟರು.

ಮಾಮ ಎಂದಿನಂತೆ, "ಶಾಮ್ ಕೋ ಆವೋ" ಅಂದರು.

ಠಾಕೂರರಿಗೆ ಸಿಟ್ಟು ಬಂತು. ಸಂಜೆಗೆ ಅವರು ಚುನಾರಿನಾಚೆ ತಮ್ಮ ಹೊಲದಲ್ಲಿರಬೇಕು. ಘೋಡ್‌ರೋಜ್ ತೊಗರಿಯನ್ನೆಲ್ಲ ತಿಂದು ಹಾಕಿದೆ, ಪರವಾನಗಿ ಕೈಗೆ ಬಂದಿದೆ, ಇವತ್ತೇ ಹೊಡೆಯಬೇಕು. ಮಗ ಆ ಕಡೆಯಿಂದ ಹಿಂಡು ಎಬ್ಬಿಸುತ್ತಾನೆ, ಇವರು ಈ ಕಡೆ ಬಂದೂಕು ಹಿಡಿದು ಕೂರುತ್ತಾರೆ. "ಬೇಟೇ ಕೇ ಲಿಯೇ ಹೀ ಲೇ ರಹಾ ಹೂಂ. ಪೆಹಲೀ ಬಾರ್ ಶಿಕಾರ್ ಪರ್ ಜಾ ರಹಾ ಹೈ" ಅಂದರು. ಮಗನಿಗೆಂದೇ ಕೊಳ್ಳುವುದು, ಮೊದಲ ಸಲ ಶಿಕಾರಿಗೆ ಬರುತ್ತಿದ್ದಾನೆ, ಹೊಲದ ಕೆಲಸ ಮುಗಿದ ಮೇಲೆ ದುರ್ಬೀನು ಅವನದೇ ಅಂತ.

ಮಾಮ ನನ್ನ ಕಡೆ ತಿರುಗಿದರು. "ಜೊತೇಲಿ ಯಾರ್ ಬತ್ತಾರೆ ಅಂದ್ರು?"

"ಮಗ, ಮಾಮಾ."

ಅವರು ಎರಡೂ ಕೈ ಮೇಜಿನ ಮೇಲೆ ಊರಿ ನಿಂತರು. ಆಮೇಲೆ ಗೋಡೆ ನೋಡುತ್ತಾ, "ನಾನ್ ಯೋಳ್ದಂಗೆ ಅವ್ರಿಗೆ ಯೋಳವ್ವ" ಅಂದರು. ದುರ್ಬೀನಿನ ಪಾಠವೇ ಇರಬೇಕೆಂದು ನಾನು ಅರ್ಧ ಆಕಳಿಸುತ್ತಾ ಶುರುಮಾಡಿದೆ. ಅವರು ಒಂದು ಮಾತು ಕನ್ನಡದಲ್ಲಿ ಆಡುವುದು, ನಾನು ಅದನ್ನು ಹಿಂದಿಗೆ ತಿರುಗಿಸುವುದು.

ನಾನೂ ನಿಮ್ಮ ಹಾಗೆ ಮಧ್ಯಾಹ್ನವೇ ದುರ್ಬೀನು ಕೊಂಡೆ, ಅಂದರು. ಹೇಳಿದೆ. ಮೈಸೂರಿನ ಅಂಗಡಿಯೊಂದರ ಮಾಳಿಗೆಯಲ್ಲಿ ನಿಂತು ನೋಡಿದರೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರ ಜುಟ್ಟು ಕಾಣುತ್ತಿತ್ತು, ಇದೇ ಬೇಕು ಅಂದೆ. ಹೇಳಿದೆ. ಅದೇ ವಾರ ಸಂಜೆ ಕಾಡಂಚಿನಲ್ಲಿ ಕೂತಿದ್ದೆ. ಆಗ ಸರ್ಕಾರವೇ ಪರ್ಮಿಟ್ ಕೊಡುತ್ತಿದ್ದ ಕಾಲ. ಹೇಳಿದೆ. ಪೊದೆಯಲ್ಲಿ ಬೂದುಬಣ್ಣದ್ದೇನೋ ಅಲ್ಲಾಡಿತು. ಆ ಭಾರೀ ಪವರಿನ ದುರ್ಬೀನಿನಲ್ಲಿ ನೋಡಿದರೆ ಬರೀ ಮಬ್ಬು, ಬರೀ ನಡುಕ. ಕಡವೆ ಅಂದುಕೊಂಡೆ. ಕಡವೆಗೆ ಸಾಂಭರ್ ಅಂತ ಹೇಳಿದೆ.

"ಹೊಡ್ದೆ" ಅಂದರು.

ಗೋಲೀ ಚಲಾಯೀ, ಅಂದೆ.

"ನನ್ ಮಗ ಕಣವ್ವ. ಕಂಬಳಿ ಹೊದ್ಕಂಡು ಕೂತಿದ್ದ."

ಅಯ್ಯೋ ದೇವರೇ! ತಿಗಣೆಯನ್ನು ಹೊಸಕದ ಈ ಕೈಯೇ? ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆಯ ದೋಣಿ ತೋರಿಸಿದವರು ಇವರೇ? ನಾನು ಮಾಮನ ಮುಖ ನೋಡಿದೆ, ಅವರು ನನ್ನನ್ನು ನೋಡಲಿಲ್ಲ. "ಯೋಳು" ಅಂದರು. ಠಾಕೂರರು, "ಕ್ಯಾ ಕಹಾ? ಕ್ಯಾ ಕಹಾ?" ಎಂದು ನನ್ನನ್ನೇ ಕೇಳುತ್ತಿದ್ದರು. ಹೇಳದೆ ಗತ್ಯಂತರವಿರಲಿಲ್ಲ.

"ಉನ್ಕಾ... ಉನ್ಕಾ ಬೇಟಾ ಥಾ" ಅಂದೆ.

"ಬೇಟೆಗೆ ಓಗಿದ್ದೆ ಕಣವ್ವ... ಬೇಟೆಗೆ" ಎಂದು ಮಾಮ ಮೆಲ್ಲಗೆ ಅಂದರು. ಅಷ್ಟು ವರ್ಷಗಳಲ್ಲಿ ಆ ಪದ ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಶಿಕಾರು ಅನ್ನುತ್ತಿದ್ದರು, ಬಂದೂಕಿನೋರು ಅನ್ನುತ್ತಿದ್ದರು, ಬೇಟೆ ಅಂದವರಲ್ಲ. ಬೇಟಾ, ಬೇಟೇ ಎಂದು ಗಲ್ಲಿಯ ಪ್ರತಿ ಬಾಗಿಲಲ್ಲೂ ತಾಯಂದಿರು ಕೂಗುವ ಈ ಊರಿನಲ್ಲಿ ಈ ಮನುಷ್ಯ ಹೇಗೆ ಬದುಕಿದರೋ! ಪ್ರತಿ ಸಲವೂ ಅವರ ಕಿವಿಗೆ ಬಿದ್ದದ್ದು ಯಾವ ಮಾತು?

ಠಾಕೂರರ ಮುಖ ಕಪ್ಪಿಟ್ಟಿತು. ಕರುಣೆ ತೋರಿಸಿಯಾರು ಅಂದುಕೊಂಡಿದ್ದೆ. ಎಲ್ಲಿಯದು? "ಶುಭ್ ಕಾಮ್ ಪರ್ ನಿಕಲಾ ಹೂಂ, ಔರ್ ಯೇ ಅಶುಭ್ ಬಾತ್!" ಒಳ್ಳೆಯ ಕೆಲಸಕ್ಕೆ ಹೊರಟಾಗ ಅಪಶಕುನದ ಮಾತೇ ಎಂದು ರೇಗಿ, ಕೆಂಪು ಗಾಜಿನದನ್ನು ಮೇಜಿನ ಮೇಲೆ ಕುಕ್ಕಿ, ಚೌಕ್‌ನಲ್ಲಿ ಬೇರೆ ಅಂಗಡಿಗಳಿಲ್ಲವೇ ಎಂದು ದುಡುದುಡು ಹೊರಟೇಬಿಟ್ಟರು.

ಮಾಮ ಗೂಟದ ದುರ್ಬೀನನ್ನು ಪೆಟ್ಟಿಗೆ ಸಮೇತ ನನ್ನ ಎದೆಗೆ ಒತ್ತಿದರು. "ಓಡು! ಕೊಟ್ಬುಟ್ಟು ಬಾ. ಮೊದ್ಲು ಇದು, ಆಮ್ಯಾಕೆ ಬಂದೂಕು ಅಂತ ಯೋಳು. ಓಡವ್ವಾ!"

ಬರಿಗಾಲಲ್ಲಿ ಓಡಿದೆ. ಜೀಪು ಹೊರಟಿತ್ತು. ಪುಣ್ಯಕ್ಕೆ ಚೌರಾಹದ ನಡುವೆ ಗೂಳಿಯೊಂದು ಮಲಗಿ ಆಟೋ, ರಿಕ್ಷಾ, ಜೀಪು ಎಲ್ಲವನ್ನೂ ನಿಲ್ಲಿಸಿತ್ತು. ಕಿಟಕಿಯಿಂದ ಪೆಟ್ಟಿಗೆಯನ್ನು ಠಾಕೂರರ ತೊಡೆಯ ಮೇಲೆ ಹಾಕಿ, ಏದುಸಿರು ಬಿಡುತ್ತಾ ಹೇಳಿದೆ: "ಪೆಹಲೇ ಯೇ, ಫಿರ್ ಬಂದೂಕ್. ಅಪ್ನೇ ಆಪ್ ಸೇ ಪೂಛಿಯೇಗಾ, ಆದ್ಮಿ ಹೈ ಕಿ ಜಾನ್ವರ್. ಕಾಮ್ ಹೋ ಜಾಯೇ ತೋ ಲೌಟಾ ದೀಜಿಯೇಗಾ." ಮೊದಲು ಇದು, ಆಮೇಲೆ ಬಂದೂಕು, ಮನುಷ್ಯನೋ ಪ್ರಾಣಿಯೋ ಎಂದು ನಿಮ್ಮನ್ನೇ ಕೇಳಿಕೊಳ್ಳಿ, ಕೆಲಸ ಮುಗಿದರೆ ಹಿಂದಿರುಗಿಸಿ ಅಂತ. ಅವರು ಬಾಯಿ ತೆರೆದರು. ಅಷ್ಟರಲ್ಲಿ ಗೂಳಿ ಎದ್ದಿತು, ಹಿಂದಿನವರು ಹಾರ್ನ್ ಬಾರಿಸಿದರು, ಜೀಪು ಹೋಯಿತು.

ಆ ಸಂಜೆ ಘಾಟಿನ ಮೆಟ್ಟಿಲಲ್ಲಿ ಕೂತು ಮಾಮ ಉಳಿದದ್ದನ್ನು ಹೇಳಿದರು. ಮಗನ ಅಸ್ಥಿ ತಂದು ತಾತನ ಕೈಯಲ್ಲೇ ಹೊಳೆಗೆ ಬಿಡಿಸಿದ್ದರಂತೆ. ಅಂದರೆ ತಾತನಿಗೆ ಎಲ್ಲವೂ ಗೊತ್ತಿತ್ತು! ಅನ್ನದ ತಟ್ಟೆ ಹಿಡಿದು ಮೇಲೆ ಹೋದದ್ದು ಅದಕ್ಕೆ. ಅಸ್ಥಿ ಬಿಟ್ಟ ದಿನ ಊರಿಗೆ ವಾಪಸಾಗುವ ಮನಸ್ಸಾಗದೆ ಗಲ್ಲಿ ಗಲ್ಲಿ ಅಲೆಯುತ್ತಿದ್ದಾಗ ಗುಜರಿಯವನ ಹತ್ತಿರ ಆ ಹಿತ್ತಾಳೆಯ ದುರ್ಬೀನು ಕಂಡಿತು. ಸುಮ್ಮನೆ ಎತ್ತಿ ಹೊಳೆಯಾಚೆ ನೋಡಿದರು, ಕತ್ತಲಾಗುತ್ತಿತ್ತು.

"ಆ ದಡದಲ್ಲಿ ಒಬ್ಬ ಕಂಬಳಿ ಹೊದ್ಕಂಡು ಕೂತಿದ್ದ ಕಣವ್ವ. ಮನ್ಸ ಅಂತ ಚೆನ್ನಾಗ್ ಕಾಣ್ತು. ಬೀಡಿ ಹಚ್ಚುದ್ದೂ ಕಾಣ್ತು..." ಅಂದರು.

ಸರಿಯಾದ ದುರ್ಬೀನು ಸಿಕ್ಕಿತ್ತು, ಹೊತ್ತು ಮೀರಿದ ಮೇಲೆ. ಅದನ್ನು ಬಿಟ್ಟುಹೋಗಲಾಗದೆ ಅವರು ಕಾಶಿಯಲ್ಲೇ ಉಳಿದುಬಿಟ್ಟಿದ್ದರು.

ಠಾಕೂರರು ಹಿಂದಿರುಗಿ ಬರಲಿಲ್ಲ. ದುರ್ಬೀನೂ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಹೊಲದಲ್ಲಿ ಆ ಸಂಜೆ ಏನಾಯಿತು? ಆ ಹುಡುಗ ಬದುಕಿದ್ದಾನೋ ಇಲ್ಲವೋ? ಮಾಮನಿಗೆ ಅದೊಂದೇ ಚಿಂತೆ ಹಿಡಿಯಿತು. ಬೆಳಿಗ್ಗೆ ಹಿಂದಿ ಪತ್ರಿಕೆ ಬಂದೊಡನೆ ನನ್ನ ಮುಂದೆ ಹರಡಿ, "ಚುನಾರ್ ಕಡೇದು ಏನಾರ ಅಯ್ತಾ ನೋಡು" ಅನ್ನುವರು. ಇಲ್ಲ ಮಾಮಾ, ಅಂದರೆ ನಿಟ್ಟುಸಿರು ಬಿಡುವರು. ಅಡ್ರೆಸ್ಸು ಕೇಳಿಕೊಳ್ಳದೆ ಓಡಿಬಂದ ನನ್ನ ಮಂಕುತನವನ್ನು ಒಂದು ದಿನವೂ ಆಡಿತೋರಿಸಲಿಲ್ಲ. ನಾನೇ ಠಾಕೂರರಿಗೆ ಹಿಡಿಶಾಪ ಹಾಕುತ್ತಿದ್ದೆ. ಕಳ್ಳ, ದುರಹಂಕಾರಿ, ಇಂಥವನಿಗೆ ಕೊಡಬಾರದಿತ್ತು, ಎಲ್ಲೋ ಮಾರಿಕೊಂಡಿರುತ್ತಾನೆ ಅಂದರೆ, "ಮಾರ್ಕಂಡ್ರೆ ಮಾರ್ಕಳ್ಳಿ. ಆ ಹುಡ್ಗ ಇದ್ರೆ ಸಾಕು" ಅನ್ನುವರು.

ಗೂಟ ಖಾಲಿಯೇ ಉಳಿಯಿತು. ನನ್ನ ಮದುವೆಯಾಯಿತು, ಗಂಡ ನಮ್ಮ ಮನೆಗೇ ಬಂದು ಅಪ್ಪನ ಕೆಲಸ ಹಿಡಿದದ್ದರಿಂದ ನಾನು ಈ ಗಲ್ಲಿ ಬಿಡಲಿಲ್ಲ. ಮಾಮನ ಕಣ್ಣಿಗೆ ಪೊರೆ ಬಂತು, ಅಂಗಡಿ ಮುಚ್ಚಿತು. ಇನ್ನೊಂದು ಚಳಿಗಾಲದಲ್ಲಿ ಮೇಲಿನ ಕೋಣೆಯಲ್ಲೇ ಅವರು ತೀರಿಕೊಂಡರು. ಹಿಂದಿನ ದಿನ ಗಂಜಿ ಕುಡಿಸುತ್ತಿದ್ದಾಗ ನನ್ನ ಕೈ ಹಿಡಿದು, "ಠಾಕೂರ್ರು ಬಂದ್ರಾ?" ಎಂದು ಕೇಳಿದರು. ಬಂದರು ಮಾಮಾ, ಎಲ್ಲರೂ ಚೆನ್ನಾಗಿದ್ದಾರಂತೆ ಎಂದು ಒಂದು ಸುಳ್ಳು ಹೇಳಬಹುದಿತ್ತು... ಬಾಯಿಗೆ ಬರಲಿಲ್ಲ. ಮಣಿಕರ್ಣಿಕಾದಲ್ಲಿ ಅಪ್ಪನೇ ಕೊಳ್ಳಿ ಇಟ್ಟರು. ಮಗನ ಸ್ಥಾನದಲ್ಲಿ ನಿಂತು ಮಾಡಿದೆ ಎಂದು ಅಮ್ಮನಿಗೆ ಹೇಳುತ್ತಾ ಅಪ್ಪ ಅತ್ತದ್ದು ನೆನಪಿದೆ.

ಇಷ್ಟೆಲ್ಲ ಆದ ಮೇಲೆ, ಕಳೆದ ವಾರ, ಆ ಪೆಟ್ಟಿಗೆ!

ಸಾರಿನ ಉರಿ ಆರಿಸಿ ಮುಂದಿನ ಕೋಣೆಗೆ ಹೋದೆ. ಬೋಳುತಲೆಯ ಗಂಡಸು ಎದ್ದು ನಿಂತರು. ಅಸ್ಸಿಯಲ್ಲಿ ಅಂಗಡಿ ಹುಡುಕಿದರಂತೆ. ಅಲ್ಲಿ ಈಗ ಮೋಮೋ ಮಾರುತ್ತಾರೆ. ಮುದಿ ಚಹಾದವನೊಬ್ಬ, "ಆದ್ಮಿ-ಕಿ-ಜಾನ್ವರ್ ವಾಲೇ ಮದ್ರಾಸೀ ಬಾಬಾ?" ಎಂದು ನಕ್ಕು ನಮ್ಮ ಮನೆ ತೋರಿಸಿದನಂತೆ. ಇಲ್ಲಿನವರಿಗೆ ವಿಂಧ್ಯದಾಚೆಯವರೆಲ್ಲ ಮದ್ರಾಸಿಗಳೇ.

"ಬಾಬೂಜೀ ಗುಜರ್ ಗಯೇ" ಅಂದರು. ತಂದೆ ಹೋದರು. ಹೋಗುವ ಮುಂಚೆ ಮಗನನ್ನು ಹತ್ತಿರ ಕೂರಿಸಿಕೊಂಡು ಹೇಳಿದ್ದರಂತೆ, ಅಲ್ಲಿಯವರೆಗೆ ಯಾರಿಗೂ ಹೇಳಿರದ ಮಾತು. ಆ ದಿನ ಹೊಲದಲ್ಲಿ ಮಂಜು ಇಳಿಯುತ್ತಿತ್ತು. ಹಿಂಡು ಆಗಲೇ ಚದುರಿತ್ತು. ತೊಗರಿ ಗಿಡಗಳ ನಡುವೆ ಬೂದುಬಣ್ಣದ ಬೆನ್ನೊಂದು ಕಂಡಿತು. ಬಂದೂಕು ಭುಜಕ್ಕೆ ಏರಿತ್ತು, ಬೆರಳೂ ಟ್ರಿಗರ್ ಮೇಲಿತ್ತು. ಅಷ್ಟರಲ್ಲಿ ಜೀಪಿನ ಕಿಟಕಿಯಲ್ಲಿ ಏದುಸಿರು ಬಿಡುತ್ತಾ ಹುಡುಗಿಯೊಬ್ಬಳು ಹೇಳಿದ ಮಾತು ನೆನಪಾಗಿ, ಬೈದುಕೊಳ್ಳುತ್ತಲೇ ಬಂದೂಕು ಇಳಿಸಿ ಕೊರಳಿನ ದುರ್ಬೀನು ಎತ್ತಿದರು.

"ಮೈಂ ಥಾ" ಅಂದರು ಅವರು. ಅದು ನಾನು. ಕಾಲಿಗೆ ಮುಳ್ಳು ಚುಚ್ಚಿ, ಕಂಬಳಿ ಹೊದ್ದು ಕೂತು ಮುಳ್ಳು ತೆಗೆಯುತ್ತಿದ್ದರಂತೆ. ತಂದೆ ಆಮೇಲೆ ಬಂದೂಕು ಮುಟ್ಟಲಿಲ್ಲ. ಯಾಕೆಂದು ಹೇಳಲೂ ಇಲ್ಲ. ದುರ್ಬೀನು ಕೊಟ್ಟುಬರಲೆಂದು ಅಸ್ಸಿಯವರೆಗೆ ಎಷ್ಟೋ ಸಲ ಬಂದು, ಮುಖ ತೋರಿಸಲಾಗದೆ ಹಿಂದಿರುಗಿದ್ದರಂತೆ.

ನನಗೆ ಕೂಗಿಕೊಳ್ಳಬೇಕೆನಿಸಿತು. ಬಂದು ಒಂದು ಮಾತು ಹೇಳಿದ್ದರೆ! ಗಲ್ಲಿಯ ತುದಿಯಲ್ಲಿ ನಿಂತು ಒಂದೇ ಒಂದು ಮಾತು ಕೂಗಿ ಹೋಗಿದ್ದರೂ ಸಾಕಿತ್ತು. ಆ ಮುದುಕ ಕೊನೆಯ ಗುಟುಕು ಗಂಜಿಯವರೆಗೂ ಕಾದರಲ್ಲಾ! ಸಿಟ್ಟು, ದುಃಖ, ಸಂತೋಷ ಎಲ್ಲವೂ ಒಟ್ಟಿಗೆ ಬಂದು ನಾನು ಅಪರಿಚಿತ ಗಂಡಸಿನ ಮುಂದೆ ಬಿಕ್ಕಿಬಿಕ್ಕಿ ಅತ್ತೆ. ಅವರಿಗೆ ಕಾರಣ ತಿಳಿಯದು. ತಂದೆ ಸತ್ತವನಿಗಿಂತ ಈ ಹೆಂಗಸು ಯಾಕೆ ಅಳುತ್ತಿದ್ದಾಳೆ ಎಂದು ಗಾಬರಿಯಾಗಿ ನೀರು ತಂದುಕೊಟ್ಟರು. ನೀರು ಹಿಡಿದ ಆ ಕೈಯನ್ನು ನಾನು ನೋಡುತ್ತಲೇ ಇದ್ದೆ. ಜೀವಂತ ಕೈ. ಬೆಚ್ಚಗಿತ್ತು. ಕೊನೆಗೆ ಅವರೇ ಕೇಳಿದರು, ಆ ಬಾಬಾ ಯಾರು, ಗುರುತಿಲ್ಲದವರಿಗೆ ತಮ್ಮ ದುರ್ಬೀನು ಯಾಕೆ ಕೊಟ್ಟರು? ಆ ದಿನ ಅವರ ತಂದೆಗೆ ಹೇಳಿದ್ದನ್ನೇ ಮತ್ತೆ ಒಂದೊಂದೇ ಮಾತಾಗಿ ಹಿಂದಿಯಲ್ಲಿ ಹೇಳಿದೆ. ಈ ಸಲ ನನ್ನ ಮುಂದೆ ಕನ್ನಡದಲ್ಲಿ ಹೇಳಿಕೊಡುವವರು ಇರಲಿಲ್ಲ.

ಅವರು ಹೋದ ಮೇಲೆ ದುರ್ಬೀನು ಹಿಡಿದು ಘಾಟಿಗೆ ಇಳಿದೆ. ಸಂಜೆಯಾಗುತ್ತಿತ್ತು. ಕಾಲೇಜಿನಿಂದ ಬಂದ ಮಗಳು ಬೆನ್ನಿಗೇ ಬಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ.

"ಕಿಸ್ಕಾ ಹೈ ಅಮ್ಮಾ?"

"ಮೇಲಿನ ಕೋಣೆ ತಾತಂದು ಕಣೇ. ನೀನು ನೋಡಿಲ್ಲ ಅವರನ್ನ. ಬೇಟೆಗೆ ಅಂತ ಇಟ್ಕೊಂಡಿದ್ರು."

ಅವಳು ನನ್ನ ಕೈಯಿಂದ ದುರ್ಬೀನು ತೆಗೆದುಕೊಂಡು ಆಚೆ ದಡ ನೋಡುತ್ತಾ ಕೇಳಿದಳು: "ಅಚ್ಛಾ. ಫಿರ್ ಬೇಟೇ ಕೋ ಮಿಲಾ?"

ಹಾಗಾದರೆ ಮಗನಿಗೆ ಸಿಕ್ಕಿತಾ, ಅಂತ.

ತಿದ್ದಲು ಬಾಯಿ ತೆರೆದವಳು ತಿದ್ದಲಿಲ್ಲ. "ಸಿಕ್ತು" ಅಂದೆ. ಮೇಲೆ ನಮ್ಮ ಮನೆಯ ಕಡೆ ನೋಡಿದೆ. ಆ ಕೋಣೆಯ ಕಿಟಕಿ ಮುಚ್ಚಿತ್ತು.